ನೆರೆಯವರು ಎಂದು ಬರೆದ ಪುಸ್ತಕ

ವಿಶ್ವವಿದ್ಯಾಲಯದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಪ್ಪತ್ತೆರಡು ವರ್ಷ ತುಂಬಿತ್ತು. ಅದರ ಬಿಡಿಭಾಗ ಮಾಡುವವರೇ ಈಗ ಇರಲಿಲ್ಲ. ಅದನ್ನು ಒರೆಸಿ, ತಟ್ಟಿ, ಸಂತೈಸಿ ನಡೆಸಿಕೊಂಡು ಬಂದವನು ತಂತ್ರಜ್ಞ ಆರ್ವೋ ಲಾಹ್ತಿ. ಅದರ ಪಂಪು ಕೆಮ್ಮಿದ ದಿನ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಸ ಯಂತ್ರಕ್ಕೆ ಅನುದಾನ ಕೇಳಿದ ಅರ್ಜಿ ಹೋದ ವರ್ಷ ತಿರುಗಿ ಬಂದಿತ್ತು. ಇದು ಹಲವರು ಹಂಚಿಕೊಳ್ಳುವ ಯಂತ್ರಕ್ಕೆ ಕೊಡುವ ಹಣ, ನಿಮ್ಮಲ್ಲಿ ಬಳಸುವವರು ಒಂದೇ ವಿಭಾಗದವರು ಎಂದು ಷರಾ. ಈ ಸಲವೂ ತಪ್ಪಿದರೆ ಕೋಣೆಗೆ ಬೀಗ ಎಂದು ಡೀನ್ ಹೇಳಿಯಾಗಿತ್ತು.

ಕೊನೆಯ ದಿನ ಶುಕ್ರವಾರ. ಬುಧವಾರ ಬೆಳಿಗ್ಗೆ ಪ್ರೊಫೆಸರ್ ಸಿಗ್ನೆ ಕ್ವಾಮ್ ಯಂತ್ರ ಬಳಸಿದವರ ಹೆಸರು ಬರೆಯುವ ಪುಸ್ತಕ ಹಿಡಿದು ಬಂದಳು. ವಿದ್ಯಾರ್ಥಿನಿಯಾಗಿದ್ದಾಗ ಅವಳಿಗೆ ಯಂತ್ರ ನಡೆಸಲು ಕಲಿಸಿದವನು ಆರ್ವೋನೇ.

"ಏನ್ರೀ ಇದು ಆರ್ವೋ? ಪುಟ ಪುಟಕ್ಕೂ 'ನೆರೆಯವರು', 'ನೆರೆಯವರು'! ಇದೇನು ಯಂತ್ರದ ಕೋಣೆನೋ, ನಿಮ್ಮನೆ ಜಗಲಿನೋ?"

"ಜಗಲಿಗೆ ಬಂದೋರಿಗೆ ನಾನೇ ಕಾಫಿ ಕೊಡ್ಬೇಕು. ಇಲ್ಲಿ ಅವರೇ ನಂಗೆ ತಿನ್ನೋಕೆ ತರ್ತಿದ್ರು ಕಣಮ್ಮ."

"ತಮಾಷೆ ಸಾಕು. ಹೊರಗಿನೋರೂ ಬಳಸ್ತಾರೆ ಅಂತ ತೋರಿಸ್ಬೇಕು, ಹೆಸರೆಲ್ಲಿ?"

ಆರ್ವೋ ಪುಸ್ತಕವನ್ನು ತನ್ನತ್ತ ಎಳೆದುಕೊಂಡ. ಹೊರಗಿನವರು ಯಂತ್ರ ಮುಟ್ಟಬೇಕಾದರೆ ಎರಡೂ ಕಡೆಯ ವಕೀಲರ ಸಹಿ ಬಿದ್ದ ಒಪ್ಪಂದ ಬೇಕು. ಅದಕ್ಕೆ ಮೂರು ತಿಂಗಳು. ಅವರು ಪರೀಕ್ಷೆಗೆ ತರುವ ಸರೋವರದ ಚಿಪ್ಪುಹುಳ ಮೂರೇ ದಿನಕ್ಕೆ ಕೊಳೆಯುತ್ತದೆ. ಬಾಗಿಲಿಗೆ ಬಂದವರನ್ನು ಕಳಿಸಲು ಮನಸ್ಸು ಬಾರದೆ, ಹೆಸರು ಬಿಟ್ಟು ನೆರೆಯವರು ಎಂದು ಗೀಚಿ ಒಳಗೆ ಬಿಟ್ಟುಕೊಂಡಿದ್ದ. ಅವರನ್ನು ಉಳಿಸಲೆಂದು ಮುಚ್ಚಿಟ್ಟದ್ದೇ ಈಗ ಯಂತ್ರಕ್ಕೆ ಮುಳುವಾಗಿತ್ತು.

ಅವನು ಕನ್ನಡಕ ಏರಿಸಿ ಪುಟದ ಮೇಲೆ ಬೆರಳಿಟ್ಟ.

"ಮಾರ್ಚ್ ಒಂಬತ್ತು. ಅವತ್ತು ಹೊಗೆ ಹಾಕಿದ ಮೀನು ತಿಂದೆ. ಅಂದ್ರೆ ಸರೋವರ ಕಾಯೋ ಸಂಘದ ರೋಸಲಿ. ಅಕ್ಟೋಬರ್ ಎರಡು, ಒಂದು ಚೀಲ ಕಾಡಕ್ಕಿ. ಬುಡಕಟ್ಟು ಕಾಲೇಜಿನ ಮೇಷ್ಟ್ರು, ಕಾಳಿನ ಬೂಸ್ಟು ನೋಡೋಕೆ ಬಂದಿದ್ರು."

ಸಂಜೆಯ ಹೊತ್ತಿಗೆ ನಾಲ್ಕು ವರ್ಷದ ನೆರೆಯವರಿಗೆಲ್ಲ ಹೆಸರು ಬಂತು. ಆರ್ವೋ ಒಬ್ಬೊಬ್ಬರಿಗೂ ಫೋನು ಮಾಡಿ, ಬಂದದ್ದು ನಿಜವೆಂದು ಪತ್ರ ಕೇಳಿದ.

"ಬರೀತೀನಿ ಮಾರಾಯ," ಎಂದಳು ರೋಸಲಿ. "ಕದ್ದು ಬಂದಿದ್ದು ಅಂತಾನೂ ಬರೀಲಾ?"

"ಬರಿ. ನಾನೇ ಬಿಟ್ಟೆ ಅಂತಾನೂ ಬರಿ."

ಸಿಗ್ನೆಯ ಮುಖ ಬಾಡಿತು. "ಒಪ್ಪಂದ ಇಲ್ದೆ ಬಿಟ್ರಿ ಅಂತ ಗೊತ್ತಾದ್ರೆ ನಿಮ್ಮ ಕೀಲಿ ಕಿತ್ಕೋತಾರೆ."

"ಕೀಲಿ ಇದ್ದು ಯಂತ್ರನೇ ಇಲ್ದಿದ್ರೆ ಯಾವ ಬಾಗಿಲು ತೆಗೀಲಿ? ಹಾಕು ಅದನ್ನ."

ಬಂದ ಪತ್ರಗಳಲ್ಲಿ ಒಂದನ್ನೂ ಬಿಡದೆ ಅವಳು ಅರ್ಜಿಗೆ ಸೇರಿಸಿದಳು.

ಮರುವಾರವೇ ಕೀಲಿ ಹೋಯಿತು. ಆರ್ವೋನನ್ನು ಉಗ್ರಾಣಕ್ಕೆ ಹಾಕಿದರು. ಅಲ್ಲಿ ಗಾಜಿನ ಸೀಸೆ ಎಣಿಸುತ್ತ, ಕೇಳಿಸದ ಪಂಪಿನ ಸದ್ದಿಗೆ ಕಿವಿಗೊಡುತ್ತ ಚಳಿಗಾಲ ಕಳೆದ. ಸರೋವರದ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಅನುದಾನ ಮಂಜೂರಾಯಿತು.

ಹೊಸ ಯಂತ್ರ ಬಂದ ದಿನ ಅವನು ಬಾಗಿಲಲ್ಲಿ ನಿಂತು ಬೆರಳಿನಿಂದ ತಟ್ಟಿದ. ಕೈಯಲ್ಲಿ ತಾನೇ ಬೇಯಿಸಿದ ಏಲಕ್ಕಿ ಬ್ರೆಡ್ಡು.

"ಕೀಲಿ ಇಲ್ದೋರು ಪುಸ್ತಕದಲ್ಲಿ ಬರೀಬೇಕು," ಎಂದಳು ಸಿಗ್ನೆ, ಪೆನ್ನು ಚಾಚಿ.

ಹೊಸ ಪುಸ್ತಕದಲ್ಲಿ ನೆರೆಯವರಿಗೆಂದೇ ಗೆರೆ ಎಳೆದ ಒಂದು ಅಂಕಣವಿತ್ತು. ಆರ್ವೋ ಅದರ ಕೆಳಗೆ, ಈ ಸಲ, ತನ್ನ ಹೆಸರನ್ನು ಪೂರ್ತಿಯಾಗಿ ಬರೆದ.