ಹಡಗಿನ ಹಾಸಿಗೆ

ಕುಷ್ಟಗಿಯ ಗುರುಲಿಂಗಮ್ಮ ಮಗಳು ಲಲಿತಾಳ ಜೊತೆ ಮುಂಬೈಯಿಂದ ಹಡಗಿನ ಪ್ರವಾಸ ಹೊರಟಿದ್ದಳು. ಅವರ ಕೋಣೆ ಸ್ವಚ್ಛ ಮಾಡಲು ಕಾರವಾರದ ಫಿಲೋಮಿನಾ ದಿನಾ ಬರುತ್ತಿದ್ದಳು. ಆದರೆ ತಾವು ಮಲಗಿದ ಹಾಸಿಗೆಯನ್ನು ಪರರ ಕೈಲಿ ತೆಗೆಸುವುದೆಂದರೆ ಗುರುಲಿಂಗಮ್ಮನಿಗೆ ಸಂಕೋಚದಿಂದ ಮೈ ಹಿಡಿಯಷ್ಟಾಗುತ್ತಿತ್ತು. ಬೆಳಗಾಗುತ್ತಲೇ ಹಾಸಿಗೆ ಸರಿಮಾಡಿ, ಬಚ್ಚಲು ತೊಳೆದು, "ಎಲ್ಲಾ ಆಗೇತಿ ತಂಗಿ, ನೀ ಕುಂತು ದಣುವಾರಿಸ್ಕೋ" ಎಂದು ಬಾಗಿಲಿನಿಂದಲೇ ಕಳಿಸಿಬಿಡುತ್ತಿದ್ದಳು.

"ಯವ್ವಾ, ನೀ ತಿರುಗಾಡಾಕ ಬಂದೀಯೋ, ಕೂಲಿಗೆ ಬಂದೀಯೋ?" ಎಂದು ಲಲಿತಾ ನಗುತ್ತಿದ್ದಳು.

ಟಿಪ್ಸ್ ಕೊಡುವುದು ಇಳಿಯುವ ಮುಂಚೆ, ಅದೂ ಕೆಲಸದವರ ಕೈಗೇ ಎಂದು ಮಗಳು ಹೇಳಿದ್ದಳು. ಕೊನೆಯ ದಿನ ಗುರುಲಿಂಗಮ್ಮ ಲಕೋಟೆ ಹಿಡಿದು ಹೊರಬಂದರೆ ಫಿಲೋಮಿನಾ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

"ನನ್ನ ಮೇಲೆ ಯಾಕಮ್ಮಾ ಸಿಟ್ಟು? ಒಂದಿನಾನೂ ಒಳಗೆ ಬಿಡಲಿಲ್ಲ. ನನ್ನ ಕೆಲಸ ನಿಮಗೆ ಸೇರಲಿಲ್ಲ ಅಂತ ನಮ್ಮ ಮೇಲ್ವಿಚಾರಕರು ನಾಳೆಯಿಂದ ನನ್ನನ್ನ ಬಟ್ಟೆ ಒಗೆಯೋದಕ್ಕೆ ಹಾಕಿದ್ದಾರೆ. ಅಲ್ಲಿ ಟಿಪ್ಸ್ ಕೊಡೋರು ಯಾರೂ ಇರೋದಿಲ್ಲ."

ಗುರುಲಿಂಗಮ್ಮನ ಎದೆ ಧಸಕ್ಕೆಂದಿತು. "ಅಯ್ಯ ಶಿವನ! ನಿನಗ ಹಗುರಾಗ್ಲಿ ಅಂತ ಮಾಡಿದ್ನೆವ್ವಾ. ನಿನ್ನ ಅನ್ನದಾಗ ಮಣ್ಣ ಹಾಕಿದ್ನಲ್ಲ!"

ಅವಳ ಕೈ ಹಿಡಿದು ನೇರ ಮೇಲ್ವಿಚಾರಕನ ಮುಂದೆ ನಿಂತಳು. "ತಪ್ಪು ನಂದ್ರಿ. ಈಕಿ ದಿನಾ ಬಂದಾಳ, ನಾನ ಬಿಟ್ಟಿಲ್ಲ." ಹಿಂದೆಯೇ ಬಂದ ಲಲಿತಾ ಅದನ್ನೇ ಹಿಂದಿಯಲ್ಲಿ ಹೇಳಿದಳು. ಅವನು ತಬ್ಬಿಬ್ಬಾದ, ಆಮೇಲೆ, ಫಿಲೋಮಿನಾ ಕೋಣೆಗಳ ಕೆಲಸದಲ್ಲೇ ಇರಲಿ ಎಂದ. ಅವನೆದುರಿಗೇ ಗುರುಲಿಂಗಮ್ಮ ಲಕೋಟೆ ಅವಳ ಕೈಗಿಟ್ಟಳು.

ಕೋಣೆಗೆ ಮರಳಿ, ಬೆಳಿಗ್ಗೆ ತಾನೇ ಹಾಸಿದ್ದ ಹಾಸಿಗೆಯನ್ನು ಕಿತ್ತು ಕೆದರಿದಳು. "ಬಾರವ್ವಾ, ಇನ್ನ ನೀ ಮಾಡು" ಎಂದು ಕುಳಿತಳು. ಸುಮ್ಮನಿರಲೊಲ್ಲದ ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು.