ಹೊರಟವರು ಹಿಂದೆ ನೋಡಬಾರದು

ಮೊಮ್ಮಗ ಮಂಥನ್‌ಗೆ ಒಂದು ವರ್ಷ ತುಂಬಿದ್ದೇ ತಡ, ಆ ಮನೆಯಲ್ಲಿ ಕಾರಿನ ಸೀಟಿನ ಜಗಳ ಶುರುವಾಯಿತು. ಜಗಳವೆಂದರೆ ಕೂಗಾಟವಲ್ಲ, ವಾಸುದೇವ ರಾಯರ ಮನೆಯಲ್ಲಿ ಯಾರೂ ಕೂಗುವುದಿಲ್ಲ. ಉಡುಪಿ ಕಡೆಯಿಂದ ಬಂದು ಅಹಮದಾಬಾದಿನ ನವರಂಗಪುರದಲ್ಲಿ ಹೋಟೆಲ್ ಇಟ್ಟು ತಲೆ ನರೆಸಿಕೊಂಡ ರಾಯರಿಗೆ, ದನಿ ಏರಿಸದೆ ಹತ್ತು ಜನರನ್ನು ಓಡಾಡಿಸುವುದು ಕೈವಶವಾಗಿತ್ತು. ಊಟಕ್ಕೆ ಕೂತಾಗ ಅವರು ಒಂದು ಮಾತು ಹಾಕುವರು, ಹೆಂಡತಿ ಶಾರದಮ್ಮ ಅದಕ್ಕೊಂದು ಒಗ್ಗರಣೆ ಕೊಡುವರು, ಮಗ ಗುರುಕಿರಣ ಹೂಂಗುಟ್ಟುವನು. ಸೊಸೆ ಮೇದಿನಿ ತಟ್ಟೆ ನೋಡುತ್ತ ಕೇಳಿಸಿಕೊಳ್ಳುವಳು.

ಕಾರಿನಲ್ಲಿ ಮಗುವಿಗೆಂದೇ ಬೇರೆ ಸೀಟು ಎಂಬುದೇ ಆ ಮನೆಗೆ ಹೊಸದು. ಅಜ್ಜಿಯ ಮಡಿಲು ಇರುವಾಗ ಸೀಟು ಎಂತಕ್ಕೆ ಎಂದು ಶಾರದಮ್ಮ ಮುಖ ಊದಿಸಿಕೊಂಡಿದ್ದರು. ಮೇದಿನಿ ಹಟ ಹಿಡಿದು ತರಿಸಿದ್ದಳು. ಅವಳು ವಡೋದರಾದಲ್ಲಿ ಬೆಳೆದವಳು, ರೈಲ್ವೆಯವರ ಮಗಳು. ಹಟ ಹಿಡಿಯುವುದು ಅವಳಿಗೆ ಹೊಸತಲ್ಲ. ಆ ಸೀಟನ್ನು ಹಿಂದುಮುಂದಾಗಿ ಕಟ್ಟಿದ್ದಳು. ಮಗುವಿನ ಬೆನ್ನು ಡ್ರೈವರ್ ಕಡೆಗೆ, ಮುಖ ಕಾರಿನ ಹಿಂದಿನ ಗಾಜಿನ ಕಡೆಗೆ.

ವರ್ಷವಾಯಿತಲ್ಲ, ಇನ್ನು ತಿರುಗಿಸು ಎಂದರು ಎಲ್ಲರೂ. ಮಗುವಿನ ಕಾಲು ಮಡಚಿಕೊಳ್ಳುತ್ತದೆ, ಪಾಪ. ಅಪ್ಪನ ಮುಖ ಕಾಣುವುದಿಲ್ಲ, ಪಾಪ. ಮೇದಿನಿ ವಸ್ತ್ರಾಪುರದ ಮಕ್ಕಳ ಡಾಕ್ಟರನ್ನು ಕೇಳಿಕೊಂಡು ಬಂದಳು. ಎರಡು ವರ್ಷ ತುಂಬುವವರೆಗಂತೂ ಮುಟ್ಟಬೇಡಿ, ಆಮೇಲೂ ಆ ಸೀಟಿನ ಅಳತೆಗೆ, ತೂಕಕ್ಕೆ ಮಗು ಹಿಡಿಸುವವರೆಗೆ ಹೀಗೇ ಇರಲಿ ಎಂದಿದ್ದರು ಅವರು. ಈ ವಯಸ್ಸಿಗೆ ತಲೆ ಭಾರ, ಕುತ್ತಿಗೆ ಎಳಸು. ಗಾಡಿ ಗುದ್ದಿದರೆ ಮೈಯನ್ನು ಬೆಲ್ಟು ಹಿಡಿಯುತ್ತದೆ, ತಲೆಯನ್ನು ಯಾರು ಹಿಡಿಯುತ್ತಾರೆ? ಹಿಂದಕ್ಕೆ ಮುಖವಿದ್ದರೆ ಸೀಟೇ ಹಿಡಿಯುತ್ತದೆ. ಕಾಲು ಮಡಚಿದರೆ ಏನೂ ಆಗುವುದಿಲ್ಲ.

ಇಷ್ಟನ್ನೂ ಅವಳು ಮನೆಯಲ್ಲಿ ಬಿಡಿಸಿ ಹೇಳಿದಳು. ಎಲ್ಲರೂ ಕೇಳಿದರು. ಕೇಳಿದ ಮೇಲೆ ಶಾರದಮ್ಮ ತಮ್ಮ ಹೊಟ್ಟೆಯೊಳಗಿದ್ದುದನ್ನು ಹೊರಗೆ ಹಾಕಿದರು. ಹೊರಟವರು ಹಿಂದೆ ತಿರುಗಿ ನೋಡಬಾರದು. ಹೊಸಿಲು ದಾಟಿದ ಮೇಲೆ ಮರೆತ ಕೊಡೆಗೂ ಅವರ ಕಡೆಯವರು ತಿರುಗುವುದಿಲ್ಲ. ಈ ಮಗುವೋ, ಹೊರಟಲ್ಲಿಂದ ಮುಟ್ಟುವವರೆಗೆ ಹಿಂದೆಯೇ ನೋಡಿಕೊಂಡು ಬರುತ್ತದೆ! ಮನೆಯವರಲ್ಲಿ ಒಬ್ಬ ಹಾಗೆ ಕೂತರೆ ಹೋದ ಕೆಲಸ ಆಗುವುದಾದರೂ ಹೇಗೆ?

ಅಲ್ಲಿಂದ ಮುಂದೆ ಆ ಮನೆಯಲ್ಲಿ ಕೆಟ್ಟದ್ದೆಲ್ಲ ಮಗುವಿನ ಲೆಕ್ಕಕ್ಕೆ ಹೋಯಿತು ನೋಡಿ. ದೋಸೆ ಭಟ್ಟರು ಹೇಳದೆ ಕೇಳದೆ ಊರಿಗೆ ಹೋದದ್ದು, ರುಬ್ಬುವ ಯಂತ್ರ ಸುಟ್ಟದ್ದು, ಸೂರತ್ತಿನ ವರಾಛಾದಲ್ಲಿ ತೆರೆಯಬೇಕಿದ್ದ ಹೊಸ ಹೋಟೆಲ್ಲಿಗೆ ಒಂದಲ್ಲ ಒಂದು ಅಡ್ಡಿ ಬಂದದ್ದು, ಎಲ್ಲಕ್ಕೂ ಆ ಸೀಟೇ ಕಾರಣ. ಹಲ್ಲು ಸರಿಯಾಗಿ ಮೂಡದ ಕೂಸು ಒಂದು ಹೋಟೆಲ್ಲನ್ನೇ ನಿಲ್ಲಿಸಿಬಿಟ್ಟಿತ್ತಂತೆ. ನಗಬೇಕೋ ಅಳಬೇಕೋ ಮೇದಿನಿಗೆ ತಿಳಿಯಲಿಲ್ಲ. ಗುರುಕಿರಣ ಮಾತ್ರ ಎರಡನ್ನೂ ಮಾಡದೆ ಮೊಬೈಲ್ ನೋಡುತ್ತಿದ್ದ.

ಕೊನೆಗೆ ವರಾಛಾದ ಹೋಟೆಲ್ಲಿಗೆ ಮುಹೂರ್ತ ಕೂಡಿಬಂತು. ವಜ್ರದ ಕಾರ್ಖಾನೆಗಳ ನಡುವಿನ ಜಾಗ, ಬೆಳಗಿನಿಂದಲೇ ಗಿರಾಕಿ. ಮೊಮ್ಮಗನ ಬಲಗೈ ಹಿಡಿಸಿ ಒಲೆ ಹಚ್ಚಿ ಹಾಲು ಉಕ್ಕಿಸಬೇಕು ಎಂಬುದು ರಾಯರ ಆಸೆ. ಆ ಒಂದು ದಿನವಾದರೂ ಮಗು ಮುಂದೆ ನೋಡಿಕೊಂಡು ಬರಲಿ ಎಂದರು. ಮೇದಿನಿ, ತಾನು ಮಗುವನ್ನು ಕರೆದುಕೊಂಡು ರೈಲಿನಲ್ಲಿ ಬರುತ್ತೇನೆ, ನಿಮ್ಮ ಶಾಸ್ತ್ರಕ್ಕೂ ತೊಂದರೆಯಿಲ್ಲ ಎಂದಳು. ಶುಭಕ್ಕೆ ಹೊರಡುವಾಗ ಮನೆಯವರು ಎರಡು ದಾರಿ ಹಿಡಿಯಬಾರದಂತೆ. ಅದಕ್ಕೂ ಒಂದು ಶಾಸ್ತ್ರವಿತ್ತು.

ಹೊರಡುವ ಬೆಳಿಗ್ಗೆ ಮಗುವನ್ನೆತ್ತಿಕೊಂಡು ಕೆಳಗಿಳಿದು ಬಂದ ಮೇದಿನಿ ಕಾರಿನ ಬಾಗಿಲು ತೆಗೆದವಳು ಅಲ್ಲೇ ನಿಂತಳು. ಸೀಟು ಮುಂದಕ್ಕೆ ತಿರುಗಿತ್ತು. ಅವಳು ಸೀರೆ ಉಡುವ ಹೊತ್ತಿನಲ್ಲಿ ಗುರುಕಿರಣ ಬಿಚ್ಚಿ ಕಟ್ಟಿದ್ದ.

"ಒಂದೇ ದಿನ ಅಲ್ವಾ ಮೇದಿನಿ," ಎಂದ ಅವನು, ಅವಳ ಮುಖ ನೋಡದೆ. "ನಾನೇ ಓಡಿಸೋದು. ಮೆಲ್ಲ ಹೋಗುವ."

"ತಿರುಗ್ಸಿ," ಎಂದಳು. "ತಿರುಗ್ಸೋವರೆಗೂ ನಾನು ಹತ್ತಲ್ಲ."

ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದ ರಾಯರು ದನಿ ಏರಿಸಲಿಲ್ಲ. "ನಿನಗೆ ಅಷ್ಟು ಹೆದರಿಕೆ ಉಂಟಾದರೆ ನೀನು ಮನೆಯಲ್ಲಿರು. ಮಗು ಬರ್ತದೆ."

ಶಾರದಮ್ಮ ಕಾರಿನ ಒಳಗಿನಿಂದ ಎರಡೂ ಕೈ ಚಾಚಿ ಮಗುವನ್ನು ತೆಗೆದುಕೊಂಡರು. ಮಗು ನಗುತ್ತ ಹೋಯಿತು. ಮೇದಿನಿ ಗಂಡನನ್ನು ನೋಡಿದಳು. ಅವನು ಕನ್ನಡಿ ಸರಿಮಾಡುತ್ತಿದ್ದ. ತಾನು ಉಳಿದರೆ ಮಗು ಹೋಗುತ್ತದೆ, ಹೋದರೆ ಪಕ್ಕದಲ್ಲಾದರೂ ಇರುತ್ತೇನೆ ಎಂದುಕೊಂಡು ಹತ್ತಿ ಕೂತಳು. ಮಗುವನ್ನು ಸೀಟಿಗೆ ಹಾಕಿ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿದಳು.

ವಡೋದರಾ ದಾಟುವವರೆಗೂ ಎಲ್ಲರಿಗೂ ಖುಷಿಯೋ ಖುಷಿ. ಮಗು ಮುಂದಿನ ಲಾರಿಗಳನ್ನು ತೋರಿಸಿ ಕೇಕೆ ಹಾಕುತ್ತಿತ್ತು. ನೋಡು, ಎಷ್ಟು ಆರಾಮ ಉಂಟು ಅವನಿಗೆ, ಸುಮ್ಮನೆ ಇಷ್ಟು ದಿನ ಗೋಳು ಹೊಯ್ದುಕೊಂಡೆ ಎಂದು ಶಾರದಮ್ಮ ಸೊಸೆಯನ್ನು ಚುಚ್ಚಿದರು. ಅದಾದ ಸ್ವಲ್ಪ ಹೊತ್ತಿಗೆ ಒಂದು ಟ್ಯಾಂಕರ್ ಪಕ್ಕದ ಸಾಲಿನಿಂದ ಅಡ್ಡ ಬಂತು. ಗುರುಕಿರಣ ಬ್ರೇಕ್ ತುಳಿದ. ಕಾರು ನಿಲ್ಲಲಿಲ್ಲ, ಹೋಗಿ ಗುದ್ದಿತು.

ರಾಯರ ಕನ್ನಡಕ ಒಡೆಯಿತು. ಶಾರದಮ್ಮನ ಭುಜಕ್ಕೆ ಬೆಲ್ಟಿನ ಬರೆ ಬಿತ್ತು. ಗುರುಕಿರಣನಿಗೆ ಏನೂ ಆಗಲಿಲ್ಲ. ಮಗು ಸೀಟಿನಿಂದ ಕದಲಿರಲಿಲ್ಲ, ಮೈಮೇಲೆ ಒಂದು ಗೀರೂ ಇರಲಿಲ್ಲ. ಅಬ್ಬ, ದೇವರು ದೊಡ್ಡವನು ಎಂದರು ಶಾರದಮ್ಮ. ಆದರೆ ಮಗು ಅಳುತ್ತಿರಲಿಲ್ಲ. ತಲೆ ಎದೆಯ ಮೇಲೆ ಬಿದ್ದಿತ್ತು. ಎತ್ತಿಕೊಳ್ಳಲು ಬಂದ ಅತ್ತೆಯ ಕೈಯನ್ನು ಮೇದಿನಿ ತಳ್ಳಿ, ಎರಡು ಅಂಗೈಯಲ್ಲಿ ಆ ತಲೆಯನ್ನು ಅಲುಗದಂತೆ ಹಿಡಿದು, ಆಂಬುಲೆನ್ಸ್ ಬರುವವರೆಗೂ ಹಾಗೆಯೇ ಕೂತಳು.

ವಡೋದರಾದ ಆಸ್ಪತ್ರೆಗೆ ವಾಪಸು ಬಂದರು. ಕುತ್ತಿಗೆಯ ಮೂಳೆಗೆ ಏಟು, ಒಳಗಿನ ನರಕ್ಕೂ ಏಟು. ಜೀವಕ್ಕೆ ಅಪಾಯವಿಲ್ಲ, ಬಲಗೈ ಮೊದಲಿನ ಹಾಗೆ ಆಗುತ್ತದೆಯೋ ಇಲ್ಲವೋ ಈಗ ಹೇಳಲಾಗದು ಎಂದರು. ಸೀಟು ಯಾವ ಕಡೆ ಮುಖ ಮಾಡಿತ್ತು ಎಂದು ಡಾಕ್ಟರಮ್ಮ ಹಿಂದಿಯಲ್ಲಿ ಕೇಳಿದಾಗ ಮೂವರೂ ನೆಲ ನೋಡಿದರು. ಮುಂದಕ್ಕೆ ಎಂದಳು ಮೇದಿನಿ. ಡಾಕ್ಟರಮ್ಮನಿಗೆ ಸಿಟ್ಟು ಬಂತು. ನೀವು ತಾಯಿ, ಓದಿದವರ ಹಾಗೆ ಕಾಣುತ್ತೀರಿ, ಅಷ್ಟು ಅವಸರವೇನಿತ್ತು ತಿರುಗಿಸಲು, ಇನ್ನೊಂದು ವರ್ಷ ಕಾಯಲಾಗಲಿಲ್ಲವೇ ಎಂದು ಎಲ್ಲರೆದುರು ಬೈದರು. ಮೇದಿನಿ ಗಂಡನ ಕಡೆ ನೋಡಿದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದಳು. ಅವನು ಔಷಧಿಯ ಚೀಟಿ ತೆಗೆದುಕೊಂಡು ಅಂಗಡಿಯ ಕಡೆ ನಡೆದ. ಆ ಬೈಗುಳವನ್ನು ಅವಳೊಬ್ಬಳೇ ನಿಂತು ತಿಂದಳು.

ರಾಯರು ಅಷ್ಟರಲ್ಲಿ ವರಾಂಡಕ್ಕೆ ಹೋಗಿ ಸೂರತ್ತಿಗೆ ಫೋನ್ ಹಚ್ಚಿದ್ದರು. ಮುಹೂರ್ತ ತಪ್ಪಬಾರದು, ಹೊಸ ಭಟ್ಟರ ಕೈಯಲ್ಲೇ ಒಲೆ ಹಚ್ಚಿಸಿ ಹಾಲು ಉಕ್ಕಿಸಿ ಎಂದರು. ಬಾಗಿಲ ಬಳಿ ನಿಂತ ಮೇದಿನಿಗೆ ಎಲ್ಲವೂ ಕೇಳಿಸಿತು. ಶಾರದಮ್ಮ ಊರಿನ ನೆಂಟರಿಗೆಲ್ಲ ಫೋನಿನಲ್ಲಿ, ಸೊಸೆ ತರಿಸಿದ ಆ ಸೀಟೇ ಮಗುವಿನ ಕುತ್ತಿಗೆಗೆ ಬಂತು, ನನ್ನ ಮಡಿಲಲ್ಲಿದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಅತ್ತರು. ಅಳು ನಿಜವಾದದ್ದೇ. ಅದೇ ಮೇದಿನಿಗೆ ಎಲ್ಲಕ್ಕಿಂತ ಅಸಹ್ಯವಾಯಿತು.

ಆಸ್ಪತ್ರೆಯಿಂದ ಬಿಟ್ಟ ದಿನ ಗುರುಕಿರಣ ಸ್ನೇಹಿತನ ಕಾರು ತಂದಿದ್ದ. ಹೊಸ ಸೀಟು ತಂದು, ಯಾರೂ ಹೇಳದೆ ತಾನೇ ಹಿಂದಕ್ಕೆ ಮುಖ ಮಾಡಿ ಕಟ್ಟಿದ್ದ. ಮೇದಿನಿ ಅದನ್ನು ಬಾಗಿಲ ಒಳಗಿನಿಂದಲೇ ನೋಡಿದಳು. ಅವಳ ತೋಳಿನಲ್ಲಿ ಮಂಥನ್ ಗದ್ದದಿಂದ ಎದೆಯವರೆಗೆ, ಕುತ್ತಿಗೆ ಅಲುಗದಂತೆ, ಗಟ್ಟಿ ಪಟ್ಟಿ ಹಾಕಿಕೊಂಡು ನೆಟ್ಟಗಿದ್ದ. ಬಲಗೈ ಜೋಲಾಡುತ್ತಿತ್ತು. ಬಾಗಿಲು ದಾಟುವಾಗ ಶಾರದಮ್ಮ ಎಲ್ಲರನ್ನೂ ಮುಂದೆ ಬಿಟ್ಟುಕೊಂಡು ಮೆಲ್ಲಗೆ ಹೇಳಿದರು:

"ಆಸ್ಪತ್ರೆಯಿಂದ ಹೊರಟವರು ಹಿಂದೆ ನೋಡಬಾರದು. ಯಾರೂ ತಿರುಗಬೇಡಿ ಆಯ್ತಾ."

ಮೇದಿನಿ ನಿಂತಳು. ಮಗುವನ್ನೆತ್ತಿಕೊಂಡೇ ಇಡೀ ಮೈ ತಿರುಗಿಸಿ ಆಸ್ಪತ್ರೆಯ ಬಾಗಿಲನ್ನು, ಬಾಗಿಲಲ್ಲಿ ನಿಂತ ಅತ್ತೆಯನ್ನು ಕಣ್ತುಂಬ ನೋಡಿದಳು. ಆಮೇಲೆ ಮಾವನ ಹಾಗೆಯೇ, ದನಿ ಏರಿಸದೆ ಹೇಳಿದಳು.

"ನೋಡ್ತಿರೋದು ನಾನು, ಅತ್ತೆ. ಮಂಥನ್ ಬಗ್ಗೆ ನೀವು ಹೆದರಬೇಡಿ. ಅವನಿಗಿನ್ನು ಹಿಂದೆ ತಿರುಗೋಕೆ ಆಗಲ್ಲ."

ರಾಯರು ಮಗನಿಗೆ ಗಾಡಿ ತೆಗೆಯಲು ಹೇಳಿದರು.