ನಿಂಬೆ ಗಿಡದ ಕಾಮಾಲೆ

ಹಿತ್ತಲಿನ ನಿಂಬೆ ಗಿಡಕ್ಕೆ ಹಳದಿ ಹಿಡಿದಾಗ ಅದರ ಕಾರಣ ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅವನು ಮನೆಯ ಯಜಮಾನ, ಗಾರೆ ಕೆಲಸದ ಮೇಸ್ತ್ರಿ. ಗೊತ್ತಿದ್ದೂ ಬಾಯಿಬಿಡುವ ಹಾಗಿರಲಿಲ್ಲ.

ಹಿಂದಿನ ವರ್ಷ ಅವನು ಹಳೇ ಬಚ್ಚಲುಮನೆ ಒಡೆದು ಹೊಸದು ಕಟ್ಟಿದ್ದ. ಒಡೆದ ಗೋಡೆ, ಸುಣ್ಣದ ಹೆಂಟೆ, ಕಲ್ಲಾಗಿಹೋದ ಅರ್ಧ ಚೀಲ ಸಿಮೆಂಟು ಎಲ್ಲ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. ಊರಾಚೆ ಸುರಿದು ಬನ್ನಿ ಎಂದು ಹೇಳಿ ಹೆಂಡತಿ ಆಸ್ಪತ್ರೆಗೆ ಹೋದಳು. ಅವಳು ಅಲ್ಲಿ ನರ್ಸು. ಮೇಸ್ತ್ರಿ ಕೈಗಾಡಿಯನ್ನು ನೋಡಿದ, ಬಿಸಿಲನ್ನು ನೋಡಿದ, ಆಮೇಲೆ ಹಿತ್ತಲ ಮೂಲೆಯಲ್ಲಿ ಬಚ್ಚಲ ನೀರು ಇಂಗಲೆಂದು ಹಿಂದೆಂದೋ ತೋಡಿದ್ದ ಗುಂಡಿಯನ್ನು ನೋಡಿದ. ಸಂಜೆಯೊಳಗೆ ಗುಡ್ಡೆಯೂ ಇರಲಿಲ್ಲ, ಗುಂಡಿಯೂ ಇರಲಿಲ್ಲ. ಮೇಲೆ ಗೇಣುದ್ದ ಮಣ್ಣೆಳೆದು ಮಟ್ಟ ಮಾಡಿದ್ದ. ನಾಲ್ಕು ಸಲ ಗಾಡಿ ತುಂಬಿಕೊಂಡು ಹೋದೆ, ಬರುವಾಗ ಮಣ್ಣು ತಂದು ಗುಂಡಿ ಮುಚ್ಚಿದೆ ಎಂದು ಹೆಂಡತಿಗೆ ಹೇಳಿದ. ಅವಳು ಕರಗಿಹೋದಳು. ವಾರವಿಡೀ ಅವನ ಭುಜಕ್ಕೆ ಬಿಸಿ ಎಣ್ಣೆ ತಿಕ್ಕಿದಳು, ನಂಟರಿಷ್ಟರ ಮುಂದೆಲ್ಲ ಹೊಗಳಿದಳು.

ವಾಸಿಯಾಗಿ ಮನೆಗೆ ಹೋದ ರೋಗಿಯೊಬ್ಬರು ಅವಳಿಗೆ ನಿಂಬೆ ಸಸಿ ಕೊಟ್ಟರು. ಅದನ್ನು ನೆಡಲು ಅವಳಿಗೆ ಇಷ್ಟವಾದದ್ದು ಅದೇ ಮೂಲೆ. ನೆಲ ಎಷ್ಟು ಸಮವಾಗಿದೆ, ಬಿಸಿಲೂ ಚೆನ್ನಾಗಿ ಬೀಳುತ್ತದೆ ಎಂದಳು. ಮೇಸ್ತ್ರಿ ಬೇರೆ ಮೂರು ಜಾಗ ತೋರಿಸಿದ. ಅವಳು ಒಪ್ಪಲಿಲ್ಲ.

ಮೂರು ತಿಂಗಳಿಗೆ ಎಲೆ ಹಳದಿಯಾಗತೊಡಗಿತು. ನರ್ಸಮ್ಮ ಸುಮ್ಮನಿರುವವಳಲ್ಲ. ಹಿತ್ತಲ ಬಾಗಿಲಿಗೆ ಹಾಳೆ ತೂಗುಹಾಕಿ ಎಷ್ಟು ನೀರು ಕೊಟ್ಟೆ, ಎಷ್ಟು ಎಲೆ ಉದುರಿತು ಎಂದು ದಿನಾ ಬರೆದಳು. ಇದಕ್ಕೆ ಕಾಮಾಲೆ, ಮೂಲ ಹುಡುಕಬೇಕು ಎಂದಳು. ಮೂಲ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಮೇಸ್ತ್ರಿಯ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು.

ಅವಳ ಅಣ್ಣ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಅವನಿಗೆ ತಿಳಿಯದ ವಿಷಯವೇ ಇರಲಿಲ್ಲ. ಒಂದು ಭಾನುವಾರ ಬಂದು ನೀರು ಹೆಚ್ಚಾಯ್ತು ಎಂದ. ನಿಜ ಭಾವ, ನಾನೂ ಅದನ್ನೇ ಅಂದುಕೊಂಡಿದ್ದೆ ಎಂದು ಮೇಸ್ತ್ರಿ ತಲೆಯಾಡಿಸಿದ. ಮುಂದಿನ ಭಾನುವಾರ ನೀರು ಸಾಲದು ಎಂದ. ಮೇಸ್ತ್ರಿ ಅದಕ್ಕೂ ಹೌದೆಂದ. ಮೂರನೆಯ ವಾರ ರಸ್ತೆಯ ಡೀಸೆಲ್ ಹೊಗೆಯ ಮೇಲೆ ಅನುಮಾನ ಬಂತು. ಅದಕ್ಕಂತೂ ಮೇಸ್ತ್ರಿ ಎಷ್ಟು ಹುರುಪಿನಿಂದ ಒಪ್ಪಿದನೆಂದರೆ ಭಾವನಿಗೇ ತನ್ನ ಮಾತಿನ ಮೇಲೆ ನಂಬಿಕೆ ಹೋಯಿತು.

ಕೊನೆಗೆ ಅಣ್ಣನೂ ಬಂದಿದ್ದ ಒಂದು ಭಾನುವಾರ ನರ್ಸಮ್ಮ ಸಸಿ ಮಾರುವ ಹೆಂಗಸನ್ನು ಕರೆತಂದಳು. ಆಕೆ ಒಂದೆಲೆ ಕಿತ್ತು ಬೆಳಕಿಗೆ ಹಿಡಿದಳು. ಹಳೇ ಎಲೆ ಅಷ್ಟು ಕೆಟ್ಟಿಲ್ಲ, ಹೊಸ ಚಿಗುರೇ ಹಳದಿ, ನರ ಮಾತ್ರ ಹಸಿರಾಗಿದೆ ಎಂದು ತೋರಿಸಿದಳು. ಮಣ್ಣಲ್ಲಿ ಸುಣ್ಣ ಹೆಚ್ಚಾದರೆ ಗಿಡಕ್ಕೆ ಕಬ್ಬಿಣದ ಅಂಶ ಹತ್ತುವುದಿಲ್ಲ, ಆಗ ಹೀಗಾಗುತ್ತದೆ ಎಂದಳು.

"ಇಲ್ಲಿ ಸುಣ್ಣ ಎಲ್ಲಿಂದ ಬರುತ್ತೆ?" ಎಂದಳು ನರ್ಸಮ್ಮ. "ನಮ್ಮ ಮನೆಯವರೇ ಒಳ್ಳೇ ಮಣ್ಣು ತಂದು ಹಾಕಿದ್ದಾರೆ."

"ಅಗೆದು ನೋಡೋಣಮ್ಮ."

ಮೇಸ್ತ್ರಿ ನೆಲ ಗಟ್ಟಿಯಿದೆ ಎಂದ, ಬೇರಿಗೆ ಪೆಟ್ಟಾಗುತ್ತದೆ ಎಂದ, ಗುದ್ದಲಿಯ ಹಿಡಿ ಸಡಿಲ ಎಂದ. ಅಷ್ಟರಲ್ಲಿ ಭಾವ ಅಂಗಿಯ ತೋಳು ಮಡಿಸಿ ಗುದ್ದಲಿ ಎತ್ತಿಯಾಗಿತ್ತು. ನರ್ಸಮ್ಮ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತು, ಆಪರೇಷನ್‌ಗೆ ಹೊರಟ ರೋಗಿಯನ್ನು ಸವರುವ ಹಾಗೆ ಕಾಂಡ ಸವರಿದಳು. ಅದನ್ನು ನೋಡಿ ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಭಾವ, ಇಲ್ಲಿ ಕೊಡಿ. ಎಲ್ಲಿ ಏನಿದೆ ಅಂತ ನನಗೆ ಗೊತ್ತು."

ಗಿಡವನ್ನು ಬುಡದ ಮಣ್ಣಿನ ಸಮೇತ ಎತ್ತಿಟ್ಟು, ಅವನೇ ಅಗೆದ. ಮೊದಲು ಸುಣ್ಣದ ಹೆಂಟೆ, ಆಮೇಲೆ ಗೋಡೆಯ ಚೂರು, ಕೊನೆಗೆ ಚೀಲದ ಆಕಾರದಲ್ಲೇ ಕಲ್ಲಾಗಿದ್ದ ಸಿಮೆಂಟು ಹೊರಬಂತು.

"ನಾಲ್ಕು ಸಲ ಗಾಡಿ ಎಳೆದೆ ಅಂದ್ರಲ್ಲ?" ಎಂದಳು ಹೆಂಡತಿ.

"ಎಳೆದದ್ದು ನಿಜ. ಇಲ್ಲಿವರೆಗೆ."

ಅವಳು ಬೈಯಲಿಲ್ಲ. ಕೈಗಾಡಿ ತಂದು ಅವನ ಮುಂದೆ ನಿಲ್ಲಿಸಿದಳು. ಊರಾಚೆಗೆ ಏಳು ಸಲ ಹೋಗಬೇಕಾಯಿತು. ಪ್ರತಿ ಸಲವೂ ಭಾವ ಪಕ್ಕದಲ್ಲೇ ನಡೆಯುತ್ತ, ಎಡಕ್ಕೆ ತಿರುಗಿಸಿ, ನಿಧಾನ, ಮುಂದೆ ಹಳ್ಳ ಇದೆ ಎಂದು ಹೇಳುತ್ತಿದ್ದ. ಗಾಡಿಗೆ ಮಾತ್ರ ಕೈ ಹಚ್ಚಲಿಲ್ಲ. ಸಸಿಯವಳು ಹೇಳಿದ ಹಾಗೆ ಹೊಸ ಮಣ್ಣು, ಗೊಬ್ಬರ ತುಂಬಿ ಗಿಡ ನೆಟ್ಟರು, ಎಲೆಗೆ ಕಬ್ಬಿಣದ ಔಷಧಿ ಸಿಂಪಡಿಸಿದರು.

ನರ್ಸಮ್ಮ ಹತ್ತು ದಿನ ಗಂಡನ ಜೊತೆ ಅಳೆದು ತೂಗಿ ಮಾತಾಡಿದಳು. ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಅರ್ಧ ಗಡ್ಡ ಬೋಳಿಸಿಕೊಂಡು ನಿಂತಿದ್ದಾಗ ಹಿತ್ತಲಿಂದ, "ರೀ, ಬೇಗ ಬನ್ನಿ" ಎಂದು ಕೂಗು ಬಂತು. ಸೋಪಿನ ನೊರೆ ಮೆತ್ತಿಕೊಂಡೇ ಓಡಿದ. ತುದಿಯಲ್ಲಿ ಇಲಿಕಿವಿಯಷ್ಟು ಚಿಗುರು ಬಂದಿತ್ತು, ತಿಳಿಹಸಿರು. ಇಬ್ಬರೂ ಬಗ್ಗಿ ನೋಡಿದರು. ಅವನು ಏನೋ ಹೇಳಲು ಬಾಯಿ ತೆರೆದ. ಉಸಿರು ತಾಗಿಸಬೇಡಿ ಎಂದು ಅವಳು ಅವನ ತೋಳು ಹಿಡಿದು ಹಿಂದಕ್ಕೆಳೆದಳು. ಎಳೆದ ಮೇಲೂ ಸ್ವಲ್ಪ ಹೊತ್ತು ಕೈ ಬಿಡಲಿಲ್ಲ.